ರಜೆಗೆ ಬಂದವರು ಮತ್ತು ನನ್ನ ಬಾಡಿಗೆ ಬೈಕುಗಳು

ಗಾಡಿ ದಿನಾ ಅದೇ ರಸ್ತೆಯಲ್ಲಿ ಓಡಿದರೂ ಹತ್ತುವವರು ದಿನಕ್ಕೊಂದು ಥರ. ಹಾಗಾಗಿ ನನ್ನ ಅಂಗಡಿಯಲ್ಲಿ ನಗುವಿಗೆ ಬರಗಾಲವಿಲ್ಲ. ಸವದತ್ತಿ ಬಸ್ ಸ್ಟ್ಯಾಂಡಿನ ಹತ್ತಿರ, ರಜೆಗೆ ಬಂದವರಿಗೆ ಬೈಕು ಬಾಡಿಗೆಗೆ ಕೊಡುತ್ತೇನೆ. ಶುರು ಮಾಡಿದಾಗ ಎದುರಿನ ಪಂಕ್ಚರ್ ಅಂಗಡಿಯವನು, "ಅಕ್ಕಾರ, ಇದು ಹೆಣ್ಮಕ್ಕಳ ಧಂದೆ ಅಲ್ರಿ. ಒಂದಿನ ಹೋದ ಗಾಡಿ ಹೊಳ್ಳಿ ಬರೂದಿಲ್ಲ" ಎಂದಿದ್ದ. ಅವನ ಕಣ್ಣೆದುರು ಇರಲೆಂದೇ ಇನ್ನೆರಡು ಗಾಡಿ ತಂದು ನಿಲ್ಲಿಸಿದೆ. ಎಲ್ಲ ಗಾಡಿಯ ಟ್ಯಾಂಕಿನ ಮೇಲೂ ನನ್ನ ಫೋನ್ ನಂಬರ್ ಬರೆಸಿದೆ.

ಹಿಂದಿನ ಸೀಟು

ಶಾಲೆಯಲ್ಲಿ ನಾನು ಹೆಚ್ಚು ಕಲಿತಿಲ್ಲ. ಓದುವುದನ್ನು ನಾನೇ ಕಲಿತದ್ದು. ಒಂದು ದಿನ ಒಬ್ಬ ದೊಡ್ಡ ಮನುಷ್ಯರು ಕೊಟ್ಟ ಲೈಸೆನ್ಸನ್ನು ನಿಧಾನವಾಗಿ ಓದುತ್ತ ನಿಂತಿದ್ದೆ.

"ಬಾಯಾರ, ಓದಾಕ ಬರತೈತೋ ಇಲ್ಲೋ?" ಎಂದರು.

"ಬರತೈತ್ರಿ. ಇದು ನಿಮ್ಮ ಮನೆಯವರದು."

ಹೆಂಡತಿಯ ಲೈಸೆನ್ಸು ಕೊಟ್ಟಿದ್ದರು. ಅವರದು ಊರಲ್ಲೇ ಉಳಿದಿತ್ತು. ಪಕ್ಕದಲ್ಲೇ ನಿಂತಿದ್ದ ಆ ತಾಯಿ ಸೆರಗು ಸಿಕ್ಕಿಸಿ ಮುಂದೆ ಕುಳಿತರು. ಯಜಮಾನರು ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತರು. ಸಂಜೆ ಬಂದಾಗಲೂ ಚೀಲ ತೊಡೆಯ ಮೇಲೇ ಇತ್ತು.

ಮನುಷ್ಯರಿಲ್ಲದ ದಾರಿ

ತುಮಕೂರು ಕಡೆಯ ಇಬ್ಬರು ಗೆಳೆಯರು ಕಿತ್ತೂರು ಕೋಟೆ ನೋಡಲು ಬೆಳಿಗ್ಗೆಯೇ ಹೊರಟರು. ಕತ್ತಲಾಗುವ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಬಂದರು.

"ಕೋಟಿ ಹೆಂಗಿತ್ರಿ?"

"ಕೋಟೆ ಮುಟ್ಟಲೇ ಇಲ್ಲ ಮೇಡಂ. ಬೈಲಹೊಂಗಲ ದಾಟಿ ದಾರಿ ಕೇಳಿದೆವು. 'ಮೊದಲ ಕುಂತ್ರಿ, ರೊಟ್ಟಿ ತಿನ್ರಿ' ಅಂದರು. ಮುಂದಿನ ಊರಲ್ಲಿ ಕೇಳಿದೆವು, ಅಲ್ಲೂ ರೊಟ್ಟಿ."

ಮರುದಿನ ಮತ್ತೆ ಬಂದರು. "ಮೇಡಂ, ಮನುಷ್ಯರಿಲ್ಲದ ದಾರಿ ಇದ್ದರೆ ಹೇಳಿ."

ಹಳದಿ ಗಾಡಿ

ಯಲ್ಲಮ್ಮನ ಗುಡ್ಡಕ್ಕೆ ಹೋದ ಗಾಡಿ ತನ್ನ ಬಣ್ಣದಲ್ಲಿ ತಿರುಗಿ ಬರುವುದಿಲ್ಲ. ಜನ ತಮ್ಮ ಗಾಡಿಗೆ ಭಂಡಾರದ ಅರಿಶಿನ ಬಳಿಯುತ್ತಾರೆ. ಕೈಯಲ್ಲಿ ಉಳಿದದ್ದು ಪಕ್ಕದ ಗಾಡಿಗೆ.

ಒಂದು ಮಂಗಳವಾರ ಮೈಸೂರಿನವರೊಬ್ಬರು ನನ್ನ ಅತಿ ಹಳೆಯ ಗಾಡಿ ಒಯ್ದು ಸಂಜೆ ತಂದು ನಿಲ್ಲಿಸಿದರು. "ಇಳಿಯುವಾಗ ಬ್ರೇಕೇ ಹಿಡಿಯಲಿಲ್ಲ. ಕಾಲೂರಿಕೊಂಡು ಬಂದೆ" ಎಂದರು.

ನನಗೆ ಸಿಟ್ಟು ಬಂತು. "ಬ್ರೇಕ್ ಹಿಡಿಯೂದಿಲ್ಲಂದ್ರ ಅದು ನನ್ನ ಗಾಡೀನ ಅಲ್ರಿ."

ಅರಿಶಿನ ಒರೆಸಿ ನಂಬರ್ ಪ್ಲೇಟ್ ನೋಡಿದರೆ ನಿಜಕ್ಕೂ ನನ್ನದಲ್ಲ. ಸವೆದ ಚಾವಿ ಇನ್ನಾರದೋ ಗಾಡಿಗೆ ಹತ್ತಿಬಿಟ್ಟಿತ್ತು. ಪಂಕ್ಚರ್ ಅಂಗಡಿಯವನು ರಸ್ತೆ ದಾಟಿ ಬಂದ. "ನಾ ಹೇಳಿದ್ನಿಲ್ರಿ ಅಕ್ಕಾರ?" ಎಂದ. ನನ್ನ ಗಾಡಿ ಹೋಗಿದೆ, ಯಾರದೋ ಗಾಡಿ ನನ್ನ ಬಾಗಿಲಲ್ಲಿದೆ.

ಅಷ್ಟರಲ್ಲಿ ಫೋನ್ ಬಂತು. "ನಮ್ಮ ಗಾಡಿ ಮ್ಯಾಲ ನಿಮ್ಮ ಫೋನ್ ನಂಬರ್ ಯಾಕೈತ್ರಿ?"

ನೇಸರಗಿಯ ರೈತರೊಬ್ಬರು. ಅಂಗಡಿಗೆ ಬಂದು ನನ್ನ ಗಾಡಿ ನಿಲ್ಲಿಸಿ ಸಮಾಧಾನವಾಗಿ ಹೇಳಿದರು: "ನನ್ನ ಚಾವಿನೂ ಇದಕ್ಕ ಹತ್ತಿತು, ಹೊಂಟೆ. ಅರ್ಧ ಗುಡ್ಡ ಇಳಿದಾಗ ಬ್ರೇಕ್ ಹಿಡೀತ್ರಿ. ಎರಡ ವರ್ಷದಿಂದ ಹಿಡಿದಿರಲಿಲ್ಲ. ತಾಯಿ ಕೃಪಾ ಆತಂತ ಹೊಳ್ಳಿ ಮ್ಯಾಲ ಹೋಗಿ ಗಾಡಿ ಮುಂದ ಕಾಯಿ ಒಡಿಸಿದೆ. ಕಾಯಿ ನೀರು ಟ್ಯಾಂಕಿನ ಮ್ಯಾಲ ಬಿದ್ದು ಭಂಡಾರ ತೊಳೀತು, ನಿಮ್ಮ ನಂಬರ್ ಕಂಡಿತು."

"ಬ್ರೇಕ್ ಮಾಡಿಸಿದಾಕಿ ನಾನ್ರಿ" ಎಂದೆ.

ಅವರು ಚೀಲದಿಂದ ಕಾಯಿಯ ಎರಡೂ ಹೋಳು ತೆಗೆದು ನನ್ನ ಕೈಯಲ್ಲಿಟ್ಟರು.

"ಹಂಗಾರ ಇದು ನಿಮಗ ಸೇರಬೇಕ್ರಿ. ನನ್ನ ಗಾಡಿಗೂ ಒಂದೀಟು ಕೃಪಾ ಮಾಡ್ರಿ."