ಬಿಳಿಮಣ್ಣು ತಿಂದ ಇಲಿ

ಗುಟ್ಟು ಕಾಯುವುದರಲ್ಲಿ ನನ್ನನ್ನು ಮೀರಿಸುವ ಗಂಡಸು ಇಡೀ ಕುಮಾಸಿ ಪಟ್ಟಣದಲ್ಲೇ ಇಲ್ಲ ಅಂತ ಬೀಗುತ್ತಿದ್ದೆ. ಈಗ ನಮ್ಮ ವಠಾರದ ಕೋಳಿಗಳೂ ನನ್ನ ಮುಖ ನೋಡಿ ನಗುತ್ತವೆ.

ನನ್ನ ಹೆಂಡತಿ ಸೆರ್ವಾ ಬಸುರಿ. ಹೋದ ವರ್ಷವೂ ಆಗಿದ್ದಳು. ಆಗ ನಾನು, ಊರಿಗೆಲ್ಲ ಬಟ್ಟೆ ಹೊಲಿಯುವ ದರ್ಜಿ, ಸುದ್ದಿ ತಿಳಿದ ದಿನವೇ ಅಂಗೈಯಗಲದ ಅಂಗಿ ಹೊಲಿದು ಅಂಗಳದ ಹಗ್ಗಕ್ಕೆ ನೇತುಹಾಕಿ ಇಡೀ ವಠಾರದ ಶಹಬ್ಬಾಸ್ ಗಿಟ್ಟಿಸಿದ್ದೆ. ಎರಡನೇ ತಿಂಗಳಲ್ಲಿ ಬಸಿರು ಇಳಿದುಹೋಯಿತು. ಆ ಅಂಗಿಯನ್ನು ಯಾರು ತೆಗೆದರೋ, ನಾವಿಬ್ಬರೂ ಕೇಳಲಿಲ್ಲ.

"ಈ ಸಲ ಮೂರು ತಿಂಗಳು ತುಂಬೋವರೆಗೂ ನಿಮ್ಮ ಬಾಯಿಗೆ ಹೊಲಿಗೆ ಹಾಕ್ಕೊಳ್ರೀ," ಅಂದಳು ಸೆರ್ವಾ. "ಇನ್ನೊಂದ್ಸಲ ಎಲ್ಲರ ಸಮಾಧಾನದ ಮಾತು ಕೇಳೋ ಶಕ್ತಿ ನನಗಿಲ್ಲ."

ಹಾಕಿಕೊಂಡೆ. ಮೂರನೇ ತಿಂಗಳು ಬಂತು. ಅವಳಿಗೆ ಕೂತಲ್ಲೇ ನಿದ್ದೆ, ಮೀನಿನ ವಾಸನೆಗೆ ವಾಕರಿಕೆ, ಕಾರಣವಿಲ್ಲದೆ ಅಳು. ಲಂಗದ ಕೊಂಡಿ ಬೇರೆ ಕೂಡದು. (ಸದ್ದಿಲ್ಲದೆ ಸೊಂಟ ಬಿಚ್ಚಿ ಅಗಲ ಮಾಡಿಕೊಟ್ಟೆ.) ತಿನ್ನಬೇಕೆನಿಸಿದ್ದು ಒಂದೇ, ಸಂತೆಯಲ್ಲಿ ಬಸುರಿಯರಿಗೆಂದೇ ಮಾರುವ ಬಿಳಿಮಣ್ಣಿನ ಉಂಡೆ! ಅದನ್ನು ಗಂಡಸು ಕೊಂಡರೆ ಡಂಗುರ ಹೊಡೆಸಿದ ಹಾಗೆಯೇ. ಆದರೆ ದರ್ಜಿಯ ಬುದ್ಧಿ ನೋಡಿ. "ಬಟ್ಟೆ ಮೇಲೆ ಗುರುತು ಹಾಕೋಕೆ," ಅಂದೆ. ಮಾರುವವಳು ತುಟಿಪಿಟಕ್ಕೆನ್ನದೆ ಕಟ್ಟಿಕೊಟ್ಟಳು.

ಮಣ್ಣು ತಿನ್ನಲೇಬೇಡ ಅಂತ ಆಸ್ಪತ್ರೆಯ ನರ್ಸಮ್ಮ ಅವಳನ್ನು ಗದರಿದ್ದರಿಂದ ಉಂಡೆಯನ್ನು ಹೊಲಿಗೆ ಯಂತ್ರದ ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ. ಅಲ್ಲಿ ಅದು ದಿನದಿನಕ್ಕೆ ಸವೆಯಿತು. ಸೆರ್ವಾ ಅದನ್ನು ಕಂಡು ಕೇಳಿದಾಗ ಇಲಿ ಕಾಟ ಅಂದೆ.

ಅದೃಷ್ಟವೂ ನಮ್ಮ ಕಡೆಗಿತ್ತು. ದಿನಾ ನಮ್ಮ ಬಾಗಿಲೆದುರೇ ಮೀನು ಹುರಿಯುತ್ತಿದ್ದ ದುಫಿಯೆ ಅಜ್ಜಿ ಇದ್ದಕ್ಕಿದ್ದಂತೆ ಒಲೆಯನ್ನು ಬಚ್ಚಲಿನ ಹಿಂದಕ್ಕೆ ಸಾಗಿಸಿದಳು. "ವಯಸ್ಸಾಯ್ತು ಕಣೋ, ಬಿಸಿಲು ತಡೆಯಲ್ಲ," ಅಂದಳು. ನಂಬಿದೆ.

ಮೂರು ತಿಂಗಳು ತುಂಬಿದ ಮೇಲೆ ನರ್ಸಮ್ಮ ಸೆರ್ವಾಳ ಕಿಬ್ಬೊಟ್ಟೆಗೆ ಒಂದು ಯಂತ್ರ ಒತ್ತಿ ಹಿಡಿದರು. ಹಬ್ಬದ ಹಿಂದಿನ ದಿನ ಓಡುವ ನನ್ನ ಹೊಲಿಗೆ ಯಂತ್ರದಂತೆ ಟಕಟಕ ಸದ್ದು, ಮಗುವಿನ ಎದೆಬಡಿತ. ಸೆರ್ವಾ ನನ್ನ ಕೈ ಹಿಡಿದು ಅತ್ತಳು. ನಾನೂ ಅತ್ತೆ, ನಾಚಿಕೆಯೇನು?

ಆ ಸಂಜೆ ಅಂಗಳದಲ್ಲಿ ಎಲ್ಲರೂ ಊಟದ ಫುಫು ಮುದ್ದೆ ಕುಟ್ಟುವ ಹೊತ್ತಿಗೆ ನಾನು ಒನಕೆ ನಿಲ್ಲಿಸಿ ಗಂಟಲು ಸರಿಮಾಡಿಕೊಂಡೆ. "ವಠಾರದ ಮಹಾಜನಗಳೇ..."

"ಸೆರ್ವಾ ಬಸುರಿ, ಅಷ್ಟೇ ತಾನೇ?" ಅಂದಳು ದುಫಿಯೆ ಅಜ್ಜಿ. "ಕುಟ್ಟೋ, ಗಂಟಾಗುತ್ತೆ."

"ಯಾರು ಹೇಳಿದ್ದು?"

"ನೀನೇ! ಮಟಮಟ ಮಧ್ಯಾಹ್ನ ಯಂತ್ರದ ಮೇಲೆ ತಲೆಯಿಟ್ಟು ಗೊರಕೆ, ಮೀನು ಕಂಡ್ರೆ ಚರಂಡಿಗೆ ಓಟ, ತುಟಿ ತುಂಬಾ ಬಿಳಿಮಣ್ಣು. ಗಂಡ ಹೀಗಾದ್ರೆ ಹೆಂಡತಿ ಬಸುರಿ ಅಂತ ಮಕ್ಕಳಿಗೂ ಗೊತ್ತು."

ಸೆರ್ವಾ ಸೊಂಟಕ್ಕೆ ಕೈಯಿಟ್ಟಳು. "ಓಹೋ! ಇಲಿ ಇದೇನಾ?"

ಅಂಗಳವೆಲ್ಲ ನಕ್ಕಿತು. ನಗು ಇಳಿದ ಮೇಲೆ ಅವಳು ಮೆಲ್ಲಗೆ ಕೇಳಿದಳು, "ಗೊತ್ತಿದ್ದೂ ಯಾಕಜ್ಜಿ ಯಾರೂ ಬಾಯಿ ಬಿಡಲಿಲ್ಲ?"

"ಹೋದ ಸಲ ಎಲ್ಲರೂ ಮಾತಾಡಿದ್ವಲ್ಲ ಮಗಳೇ. ಈ ಸಲ ಒಲೆ ಆಚೆ ಸರಿಸಿ ಸುಮ್ಮನಿದ್ವಿ." ಅಜ್ಜಿ ಒಳಗೆ ಹೋಗಿ, ಮಡಿಸಿಟ್ಟ ಅಂಗೈಯಗಲದ ಅಂಗಿ ತಂದು ಸೆರ್ವಾಳ ಮಡಿಲಿಗೆ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ, "ಹಗ್ಗಕ್ಕೆ ನೇತುಹಾಕಿದ್ಯೋ, ಕೈ ಮುರೀತೀನಿ," ಅಂದಳು.

ಸೆರ್ವಾಳ ವಾಕರಿಕೆ ಆ ವಾರವೇ ಮಾಯ. ಹುರಿದ ಮೀನಿನ ಜೊತೆ ಎರಡು ಬೋಗುಣಿ ಫುಫು ಬಾರಿಸುತ್ತಾಳೆ. ನಾನು ಚರಂಡಿಯಿಂದ ತಲೆಯೆತ್ತಿ, "ನನಗೆ ಯಾವಾಗ ಇಳಿಯುತ್ತೆ ಅಜ್ಜಿ?" ಅಂದೆ.

"ನಿಂಗಾ?" ಅಜ್ಜಿ ಮೀನು ತಿರುವಿಹಾಕಿದಳು. "ಹೆರಿಗೆ ಆದ್ಮೇಲೆ."