ರೇಡಿಯೋದಲ್ಲಿ ಬಾರದ ಹಾಡುಗಳ ಮಾವ

ನಮ್ಮ ಸೋದರಮಾವ ಚಿತ್ರದುರ್ಗದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು ಎಂದರೆ ಅರ್ಧ ಸುಳ್ಳು ಹೇಳಿದಂತಾಗುತ್ತದೆ. ಅವರ ಕೈಕಾಲು, ಬೆನ್ನು, ಕನ್ನಡಕ ಎಲ್ಲವೂ ಸರ್ಕಾರಿ ಕೆಲಸದಲ್ಲಿದ್ದವು, ನಿಜ. ಕಿವಿಗಳು ಮಾತ್ರ ಒಂದು ದಿನವೂ ಡ್ಯೂಟಿಗೆ ಹಾಜರಾಗಲಿಲ್ಲ! ಎತ್ತಿನ ಬಾಯಿಗೆ ಬಿದಿರಿನ ಗೊಟ್ಟ ಇಟ್ಟು ಔಷಧಿ ಸುರಿಯುವಾಗ ಎತ್ತಿನ ಯಜಮಾನ ಏನಾದರೂ ಗುನುಗಿದನೋ, ಮುಗಿಯಿತು. "ಅದ್ಯಾವ ಹಾಡಪ್ಪ? ನೀನೇ ಕಟ್ಟಿದ್ದಾ? ಇನ್ನೊಂದ್ಸಲ ಅನ್ನು" ಎಂದು ಶುರು. ಹಾಡು ಮುಗಿಯುವವರೆಗೆ ಎತ್ತು ಬಾಯಿ ತೆರೆದುಕೊಂಡೇ ನಿಲ್ಲಬೇಕು.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಮಾವ ಹೊರದೇಶದಿಂದ ಬಂದ ಗೆಳೆಯರೊಬ್ಬರಿಂದ ಕ್ಯಾಸೆಟ್ ಟೇಪ್ ರೆಕಾರ್ಡರ್ ಕೊಂಡರು. ನಮ್ಮ ಬಂಧುಬಳಗದಲ್ಲೆಲ್ಲ ಅಂಥ ಯಂತ್ರ ಬಂದದ್ದು ಅದೇ ಮೊದಲು. ಬೇರೆಯವರಾಗಿದ್ದರೆ ಸಿನಿಮಾ ಹಾಡು ತುಂಬಿಸಿಕೊಂಡು ಸುಖವಾಗಿ ಇರುತ್ತಿದ್ದರು. ನಾನೂ ಒಮ್ಮೆ ಕೇಳಿದ್ದೆ.

"ಮಾವ, ಒಂದು ಒಳ್ಳೇ ಸಿನಿಮಾ ಹಾಡು ಹಾಕಬಾರದಾ?"

"ಅದಕ್ಕೆ ಊರ ತುಂಬ ಮೈಕ್ ಐತಲ್ಲವ್ವ. ಈ ಹಾಡುಗಳಿಗೆ ಯಾರವ್ರೆ?"

ಮಾವನ ಕಾನೂನು ಬಹಳ ಬಿಗಿ. ರೇಡಿಯೋದಲ್ಲಿ ಬಂದಿರಬಾರದು. ಗ್ರಾಮಫೋನ್ ಪ್ಲೇಟಿನಲ್ಲಿ ಬಂದಿರಬಾರದು. ಅಜ್ಜಿ ಕಾಲದ್ದೂ ಆಗಿರಬಾರದು. ಹಾಡುವವರೇ ಈಚೆಗೆ ಕಟ್ಟಿದ್ದಾಗಿರಬೇಕು. ಹೀಗೆ ಮೂರು ನಾಲ್ಕು ತಿಂಗಳು ಸುತ್ತಿ, ಆರಿಸಿ, ತಮಗೆ ಇಷ್ಟವಾದ ಹದಿನೈದಿಪ್ಪತ್ತು ಹಾಡುಗಳನ್ನು ಒಂದು ಕ್ಯಾಸೆಟ್ಟಿಗೆ ಕೂಡಿಸಿ ನೆಂಟರಿಗೆ ಹಂಚುವುದು. ಉಳಿದವರ ಮನೆಯಿಂದ ನೆಂಟರಿಗೆ ಉಪ್ಪಿನಕಾಯಿ ಹೋಗುತ್ತಿತ್ತು. ನಮ್ಮ ಮಾವನ ಮನೆಯಿಂದ ಹಾಡು!

ಜವನಗೊಂಡನಹಳ್ಳಿ ಕಡೆ ಕುರಿಗಳಿಗೆ ಲಸಿಕೆ ಹಾಕಲು ಹೋದಾಗ ಒಬ್ಬ ಕುರುಬರ ಹಿರಿಯ ಸಿಕ್ಕಿದ. ಕಳೆದುಹೋದ ಕಂಬಳಿಯ ಮೇಲೆ ತಾನೇ ಹಾಡು ಕಟ್ಟಿದ್ದನಂತೆ. ಕಟ್ಟಿದವನೇನೋ ಸಿಕ್ಕಿದ, ಆದರೆ ಯಂತ್ರ ಕಂಡೊಡನೆ ಅವನ ಗಂಟಲು ಕಟ್ಟಿತು.

"ನಾನು ಮನುಷ್ಯರ ಮುಂದೆ ಹಾಡಿದೋನಲ್ಲ ಡಾಕ್ಟ್ರೇ. ಕುರಿ ಮುಂದಾದ್ರೆ ಬರ್ತೈತೆ."

"ಅಷ್ಟೇ ತಾನೆ?" ಎಂದ ಮಾವ ಪ್ಯಾಂಟು ಮಡಚಿ, ಯಂತ್ರವನ್ನು ಎದೆಗವಚಿಕೊಂಡು ಮಂದೆಯ ನಡುವೆ ತಲೆ ತಗ್ಗಿಸಿ ಕುಳಿತುಬಿಟ್ಟರು! ಹಾಡೇನೋ ಬಂತು. ಆದರೆ ಆ ಕ್ಯಾಸೆಟ್ಟಿನಲ್ಲಿ ಕಂಬಳಿಗಿಂತ ಕುರಿಯೇ ಜಾಸ್ತಿ. ಮಾವ ಅದಕ್ಕೂ ಬೇಸರಿಸಲಿಲ್ಲ. ಪ್ರತಿ ಹಾಡಿಗೂ ಮೊದಲು ತಮ್ಮದೇ ಗಂಭೀರ ಧ್ವನಿಯಲ್ಲಿ ಒಂದು ಪ್ರಕಟಣೆ ಸೇರಿಸುತ್ತಿದ್ದರಲ್ಲ, ಅದರಲ್ಲಿ ಹೀಗೆಂದರು: "ಹಾಡಿದವರು ವಯಸ್ಸು ಹೇಳಲು ಒಪ್ಪಲಿಲ್ಲ. ಹಿಮ್ಮೇಳದಲ್ಲಿ ನೂರಾ ಇಪ್ಪತ್ತು ಕುರಿಗಳು."

ಇನ್ನು ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಹಾಡು ಇಳಿಸುವ ಭಾನುವಾರ! ಫೋಟೋ ಸ್ಟುಡಿಯೋದವರಿಂದ ಇನ್ನೊಂದು ಯಂತ್ರ ಎರವಲು ತಂದು, ಎರಡನ್ನೂ ಗಂಡುಹೆಣ್ಣಿನಂತೆ ಎದುರುಬದುರು ಕೂರಿಸಿ, ಒಂದು ಹಾಡಿದ್ದನ್ನು ಇನ್ನೊಂದು ಕೇಳಿಸಿಕೊಳ್ಳುವ ಏರ್ಪಾಡು. ಆ ಒಂದು ಗಂಟೆ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಅತ್ತೆ ಪಾಪ, ಮಹಾ ತಾಳ್ಮೆಯ ಹೆಂಗಸು. ಇಳಿದುಹೋದ ಸೆಲ್ಲುಗಳನ್ನು ಬಿಸಿಲಿಗೆ ಒಣಹಾಕಿದರೆ ಮತ್ತೆ ಜೀವ ಬರುತ್ತದೆಂದು ಮಾವ ಮಾಳಿಗೆಯ ಮೇಲೆ ಇಟ್ಟಿರುತ್ತಿದ್ದರು. ಹಪ್ಪಳದ ಜೊತೆಗೆ ಅವನ್ನೂ ಮಗುಚಿ ಹಾಕಿ ಬರುತ್ತಿದ್ದಾಕೆ ಅತ್ತೆ! ಅಂಥವರೂ ಒಂದು ಭಾನುವಾರ ಮರೆತು ಬಾಗಿಲಲ್ಲಿ ನಿಂತು, "ರೀ, ಸೊಪ್ಪಿನೋನು ಬಂದಾನೆ, ಮೆಂತ್ಯ ತಗಳ್ಲಾ?" ಎಂದುಬಿಟ್ಟರು. ಅದೂ ಸೇರಿಕೊಂಡಿತು. ಹೊಳಲ್ಕೆರೆಯ ನಮ್ಮ ದೊಡ್ಡಮ್ಮ ಆ ಹಾಡನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡರು. ಒಂದು ನಾಮಕರಣದಲ್ಲಿ ಹಾಡಿಯೂ ಹಾಡಿದರು. ಎರಡನೆಯ ನುಡಿಯಾದ ಮೇಲೆ, ರಾಗ ತಪ್ಪದೆ, ಮೆಂತ್ಯ ತಗಳ್ಲಾ!

ಹೊಸದುರ್ಗದ ಮದುವೆಯ ಕಥೆ ಹೇಳದೆ ಬಿಟ್ಟರೆ ನನಗೆ ಊಟ ಸೇರುವುದಿಲ್ಲ. ಮಾವ ವಧೂವರರಿಗೆ ಉಡುಗೊರೆಯಾಗಿ ಕೊಟ್ಟದ್ದು ಕ್ಯಾಸೆಟ್ಟು. ಕೇಳಲು ಅವರ ಮನೆಯಲ್ಲಿ ಯಂತ್ರ ಬೇಡವೇ? ಅದಕ್ಕೆ ಮಾವ ವಾಲಗದವರು ಎಲೆಯಡಿಕೆಗೆ ಎದ್ದ ಸಮಯ ನೋಡಿ ತಮ್ಮ ಯಂತ್ರವನ್ನು ಮೈಕಿನ ಮುಂದಿಟ್ಟರು. ಆ ಊರಿನ ಸೊಸೆಯೊಬ್ಬಳು ಕಟ್ಟಿದ ಹಾಡು ಚಪ್ಪರದ ತುಂಬ ಮೊಳಗಿತು:

ಅತ್ತೆಯ ಗೊರಕೇಗೆ ಅಟ್ಟದ ಇಲಿ ಓಡಿ
ಪಕ್ಕದ ಮನೆ ಸೇರಿ ಅಳತಾವೆ!

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಇದ್ದವರು ಒಬ್ಬರೇ, ಮೂರನೆಯ ಸಾಲಿನಲ್ಲಿ ಕುಳಿತಿದ್ದ ಆ ಸೊಸೆಯ ಅತ್ತೆ! ಆಕೆ ಸೀರೆಯ ನೆರಿಗೆ ಎತ್ತಿಕೊಂಡು ನೇರ ಮೈಕಿನ ಹತ್ತಿರ ಬಂದರು. ಮಾವನ ಕಥೆ ಇವತ್ತಿಗೆ ಮುಗಿಯಿತು ಎಂದುಕೊಂಡೆವು.

"ಏನಪ್ಪ, ಇದು ನಾನು ಹಾಡಿದ್ರೂ ಹಿಡ್ಕಂತೈತಾ?"

"ಹಿಡ್ಕಂತೈತೆ ಕಣಮ್ಮ. ಹೊಸಾ ಹಾಡಾಗಿರ್ಬೇಕು, ಅಷ್ಟೇ."

"ಈಗ ಕಟ್ತೀನಿ, ಇದಕ್ಕಿಂತ ಹೊಸಾದು ಬೇಕಾ?" ಎಂದವರೇ ನಿಂತ ನಿಲುವಿನಲ್ಲಿ ಶುರುಮಾಡಿದರು:

ಸೊಸೆ ಮಾಡಿದ ಸಾರೀಗೆ ಉಪ್ಪಿಲ್ಲ ಹುಳಿಯಿಲ್ಲ
ಬೆಕ್ಕು ಮೂಸಿ ನೋಡಿ ಮಠಕ್ಹೋತು!

ಮೊದಲು ಚಪ್ಪಾಳೆ ತಟ್ಟಿದ್ದು ಆ ಸೊಸೆಯೇ. ಮುಂದಿನ ಕ್ಯಾಸೆಟ್ಟಿನಲ್ಲಿ ಒಂದು ಕಡೆ ಸೊಸೆ, ತಿರುಗಿಸಿದರೆ ಅತ್ತೆ. ಯಾಕೆ ಹೀಗೆ ಎಂದರೆ ಮಾವ ನ್ಯಾಯಾಧೀಶರ ಗತ್ತಿನಲ್ಲಿ ಹೇಳಿದರು: "ಎರಡೂ ಕಡೆ ಕೇಳ್ಬೇಕಲ್ಲವ್ವ!"

ಇಷ್ಟೆಲ್ಲ ನಗುತ್ತಾ ಹೇಳುತ್ತಿದ್ದೇನೆ. ಆದರೆ ಒಂದು ಸಲ ನನಗೆ ಮಾವನ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು.

ನನಗೆ ತಾಳ್ಯದ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿ ಮೂರು ತಿಂಗಳಾಗಿತ್ತು. ಅಮ್ಮನನ್ನು ಬಿಟ್ಟು ಒಂದು ರಾತ್ರಿಯೂ ಇದ್ದವಳಲ್ಲ ನಾನು. ಊರಿನವರ ಮಾತು ಒರಟು ಎನ್ನಿಸುತ್ತಿತ್ತು. ಎಲ್ಲರೂ ನನ್ನನ್ನೇ ನೋಡಿ ನಗುತ್ತಾರೆ ಎನ್ನಿಸುತ್ತಿತ್ತು. ಶಾಲೆ ಬಿಟ್ಟೊಡನೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹಾಲಿನ ಪಾತ್ರೆಯನ್ನೂ ಹೊರಗೆ ಹೊಸ್ತಿಲ ಮೇಲೆ ಇಟ್ಟಿರುತ್ತಿದ್ದೆ. ಹಾಲು ತರುವ ಈರಮ್ಮ ಅದಕ್ಕೆ ಸುರಿದು, ತಟ್ಟೆ ಮುಚ್ಚಿ ಹೋಗಿ, ಅವಳ ಹೆಜ್ಜೆಯ ಸದ್ದು ದೂರವಾದ ಮೇಲೆ ನಾನು ಬಾಗಿಲು ತೆರೆಯುವುದು. ಕೊನೆಗೆ, ಕೆಲಸ ಬಿಟ್ಟು ಬರುತ್ತೇನೆ ಎಂದು ಅಮ್ಮನಿಗೆ ಕಾಗದ ಬರೆದೆ.

ಕಾಗದ ಅಮ್ಮನಿಗೆ ಮುಟ್ಟಿದ ವಾರವೇ ಮಾವ ಕುರಿ ಲಸಿಕೆಗೆಂದು ತಾಳ್ಯಕ್ಕೆ ಬಂದು ಮೂರು ದಿನ ಇದ್ದರಂತೆ. ನನ್ನ ಮನೆಗೆ ಮಾತ್ರ ಬರಲಿಲ್ಲ! ಶಾಲೆಯಲ್ಲಿ ಇನ್ನೊಬ್ಬರು ಹೇಳಿ ನನಗೆ ಗೊತ್ತಾದದ್ದು. ಸ್ವಂತ ಸೋದರಮಾವ! ಮುಂದಿನ ಭಾನುವಾರ ಅವರು ಚೀಲ ಹೆಗಲಿಗೇರಿಸಿಕೊಂಡು ಬಂದಾಗ ನಾನು ಮುಖ ಕೊಟ್ಟು ಮಾತಾಡಲಿಲ್ಲ.

"ಲೇ ಪುಟ್ಟಿ, ಇದು ನಿನಗೆ ಅಂತ್ಲೇ ಕೂಡಿಸಿದ್ದು" ಎಂದು ಕ್ಯಾಸೆಟ್ಟು ತೆಗೆದರು.

"ನಂಗೆ ಯಾವ ಹಾಡೂ ಬೇಡ ಮಾವ. ನಾನು ರಾಜೀನಾಮೆ ಬರೀಬೇಕು."

"ಬರಿಯವ್ವ. ಬರಿಯಕ್ಕೆ ಕಿವಿ ಬೇಕಿಲ್ಲ" ಎಂದು ಗುಂಡಿ ಒತ್ತಿದರು.

ಮೊದಲ ಹಾಡು ನಮ್ಮ ಶಾಲೆಯ ಜವಾನನದು. ಹೊಸ ಮೇಡಂ 'ಸೈಲೆನ್ಸ್' ಎಂದರೆ ಗೋಡೆಯ ಹಲ್ಲಿಗೂ ಕೇಳಿಸುವುದಿಲ್ಲ, ಆದರೆ ಲೆಕ್ಕ ಹೇಳಿಕೊಟ್ಟರೆ ಕಿಟಕಿಯಾಚೆ ನಿಂತ ತನಗೂ ತಿಳಿಯುತ್ತದೆ ಎಂದು ಹಾಡಿದ್ದ. ಬರೆಯುತ್ತಿದ್ದ ಪೆನ್ನು ನಿಂತಿತು. ಎರಡನೆಯದು ನಾನು ಬಾಡಿಗೆಗಿದ್ದ ಮನೆಯ ಮಾಲೀಕರದು. ಮೂರು ತಿಂಗಳಲ್ಲಿ ನನ್ನೊಡನೆ ಮೂರು ಮಾತು ಆಡದಿದ್ದ ಆ ಮುದುಕರು ತಮ್ಮ ಸತ್ತ ಎಮ್ಮೆಯ ಮೇಲೆ ಅಷ್ಟು ಮೆತ್ತಗೆ ಹಾಡುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹಾಡಿದವರೆಲ್ಲ ನನ್ನ ಬೀದಿ, ಆಚೆ ಬೀದಿಯವರೇ. ಕೊನೆಗೆ ಹಾಲು ಕರೆಯುವ ಸೊರ್ ಸೊರ್ ಸದ್ದಿನ ಜೊತೆ ಒಂದು ಹೆಣ್ಣುದನಿ:

ಮೂಲೆಮನೆ ಮೇಡಮ್ಮ ಬಾಗ್ಲಾಕಿ ಕುಂತಾಳೆ
ನೊರೆಹಾಲು ಹೊಸ್ತಿಲಾಗೆ ಆರೈತೆ, ನನತಾಯಿ
ಒಳಗೆ ಕರದಾರೆ ಬರತೀನಿ

ಮಾವ ಗುಂಡಿ ಒತ್ತಿ ನಿಲ್ಲಿಸಿದರು.

"ಇವರಿಗೆ ನನ್ನ ವಿಷಯ ಯಾರು ಹೇಳಿದ್ರು ಮಾವ? ನೀವಾ?"

"ನಾನ್ಯಾಕೆ ಹೇಳ್ಲವ್ವ? ದಿನಾ ಬರೋರಿಗೆ ಬಾಗ್ಲು ಕಾಣಂಗಿಲ್ವಾ?"

ಸಂಜೆ ಹೊರಗೆ ಹೆಜ್ಜೆಯ ಸದ್ದಾಯಿತು. ಹಾಲು ಸುರಿದ ಸದ್ದಾಯಿತು. ಈ ಸಲ ನಾನು ಕಾಯಲಿಲ್ಲ, ಎದ್ದು ಬಾಗಿಲು ತೆರೆದೆ. ಈರಮ್ಮ ಗಾಬರಿಯಾದಳು.

"ಯಾಕ್ ಮೇಡಮ್ಮ, ನಿನ್ನೆ ಹಾಲಿನಾಗೆ ಏನಾರ ಬಿದ್ದಿತ್ತಾ?"

"ಇಲ್ಲ ಕಣ್ರಿ. ಒಳಗೆ ಬರ್ರಿ, ಕುಂತ್ಕಳ್ರಿ."

ಅವಳು ನನ್ನ ಮುಖ ನೋಡಿದಳು. ನನ್ನ ಹಿಂದೆ, ಹೆಂಚುಗಳನ್ನು ಒಂದೊಂದಾಗಿ ಎಣಿಸುವವರಂತೆ ಮೇಲೆ ನೋಡುತ್ತಾ ನಿಂತಿದ್ದ ಮಾವನನ್ನು ನೋಡಿದಳು. "ಅಯ್ಯಯ್ಯೋ ಡಾಕ್ಟ್ರೇ, ಕೇಳಿಸ್ಬಿಟ್ರಾ!" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಬಂದು ಕುಳಿತಳು.

ನಾನು ತಾಳ್ಯದಲ್ಲಿ ಒಂಬತ್ತು ವರ್ಷ ಇದ್ದೆ. ಅಲ್ಲಿಂದ ವರ್ಗವಾದಾಗ ಬಸ್ಸಿನಲ್ಲಿ ಅತ್ತದ್ದು ಅಮ್ಮನನ್ನು ಬಿಟ್ಟು ಬಂದಾಗ ಅತ್ತದ್ದಕ್ಕಿಂತ ಕಡಿಮೆಯೇನಲ್ಲ. ಅಷ್ಟೊಂದು ಜನರನ್ನು ನನಗೆ ಕೊಟ್ಟವರು ಮಾವ. ಎದುರಿಗೆ ಒಂದು ಒಳ್ಳೆಯ ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. ಅದನ್ನೇ ಈಗ ಬರೆದು ತೀರಿಸುತ್ತಿದ್ದೇನೆ.

ಕ್ಯಾಸೆಟ್ಟು ಕೇಳಿಸಿದ ಆ ಸಂಜೆ ಮಾವನನ್ನು ಬಸ್ಸಿಗೆ ಬಿಡಲು ನಾನೂ ಈರಮ್ಮನೂ ಹೋದೆವು. ಬಸ್ಸು ಬಂದಾಗಲೇ ನನಗೆ ಹೊಳೆದದ್ದು, ಅವರ ಹೆಗಲ ಚೀಲ ಖಾಲಿ ಜೋತಾಡುತ್ತಿತ್ತು.

"ಮಾವ! ಯಂತ್ರ ಮನೇಲೇ ಬಿಟ್ರಿ!"

ಮಾವ ಮೆಟ್ಟಿಲೇರಿ ಕಂಬಿ ಹಿಡಿದು ನಿಂತು, ನನ್ನ ಕಡೆ ತಿರುಗದೆ ಹೇಳಿದರು:

"ಇರ್ಲಿ ಬಿಡವ್ವ. ಆ ಕ್ಯಾಸೆಟ್ಟು ಇನ್ನೂ ಅರ್ಧ ಖಾಲಿ ಐತೆ. ನೀನು ತುಂಬ್ಸಿ ಕಳ್ಸು, ನಾನು ಕೇಳ್ತೀನಿ."

ಬಸ್ಸು ಹೊರಟಿತು. ಧೂಳು ಇಳಿಯುವವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಆಮೇಲೆ ಈರಮ್ಮ ನನ್ನ ಕೈ ಹಿಡಿದು, "ಹೋಗಾಣ ನಡೀರಿ ಮೇಡಮ್ಮ" ಎಂದಳು.