ಅರ್ಧಚಂದ್ರ ಕೇಳಿದರೆ ಹುಣ್ಣಿಮೆ

ಅಂದು ಬೆಳಗ್ಗೆ ಎಂದಿನಂತೆ ಗಂಡನ ಡಬ್ಬಿಗೆ ಮೀನುಸಾರು ತುಂಬಿಸಿ, ಬಾಲ್ಕನಿಯ ಕರಿಬೇವಿನ ಮೇಲಿನ ಧೂಳು ಒರೆಸಿದೆ. ಕುವೈತಿನ ಶುವೈಖ್‌ನ ವರ್ಕ್‌ಶಾಪಿಗೆ ಹೊರಟ ರಿಚ್ಚಿ ಬಾಗಿಲಲ್ಲಿ ನಿಂತರು.

"ಲವೀನಾ, ಬಟನ್ ಮಾತ್ರ ಒತ್ತು. ಪ್ರೋಗ್ರಾಮಿಗೆ ಕೈ ಹಾಕ್ಬೇಡ ಮಾರಾಯ್ತಿ!"

ಸ್ಟೋರ್ ರೂಮಿನಲ್ಲಿ ರಿಚ್ಚಿ ಕಟ್ಟಿದ ಪುಟ್ಟ ಸಿಎನ್‌ಸಿ ಯಂತ್ರವಿದೆ. ಬರೆದುಕೊಟ್ಟ ಪ್ರೋಗ್ರಾಮಿನಂತೆ ತಾನೇ ಮರ ಕೆತ್ತುತ್ತದೆ. ಅದರ ದೊಡ್ಡ ತಲೆ ಓಡಾಡುವ ದಿಕ್ಕುಗಳು ಎಕ್ಸ್, ವೈ. ಆಮೇಲೆ ಜೋಡಿಸಿದ ಸಣ್ಣ ತಲೆಯವು ಯು, ವಿ.

ಸಂಜೆ ಪಕ್ಕದ ಫ್ಲಾಟಿನ ಗ್ರೇಸಿಬಾಯಿಯ ಮಗಳ ರೋಸ್. ಮದುಮಗಳ ತಲೆಗೆ ತೆಂಗಿನ ಹಾಲು ಹೊಯ್ಯುವ ಶಾಸ್ತ್ರ. ಕೂರಲು ಗ್ರೇಸಿಬಾಯಿ ತಮ್ಮ ರೋಸಿಗೆ ಕೂತಿದ್ದ ಸ್ಟೂಲನ್ನೇ ಊರಿಂದ ತರಿಸಿದ್ದರು. ಅದರ ಮೇಲೆ ಅರ್ಧಚಂದ್ರ ಕೆತ್ತಿಸಿಕೊಡುತ್ತೇನೆಂದು ಮಾತು ಕೊಟ್ಟ ಮಹಾತಾಯಿ ನಾನು.

ಸ್ಟೂಲನ್ನು ಯಂತ್ರಕ್ಕೆ ಬಿಗಿದು ನೋಡಿದರೆ ದೊಡ್ಡ ತಲೆಯಲ್ಲಿ ಹಲಗೆ ಕತ್ತರಿಸುವ ಉದ್ದದ ಕಟ್ಟರ್! ಬದಲಿಸಲು ರಿಚ್ಚಿ ಮರೆತಿದ್ದರು. ನಯವಾಗಿ ಗೀರುವಂಥದ್ದು ಸಣ್ಣ ತಲೆಯಲ್ಲಿತ್ತು. ಕಾನ್ವೆಂಟಿನಲ್ಲಿ ಜ್ಯಾಮಿಟ್ರಿಗೆ ಬಹುಮಾನ ಪಡೆದವಳು ಇಷ್ಟಕ್ಕೆ ಫೋನ್ ಮಾಡುವುದೇ? ರಿಚ್ಚಿ ಬರೆದಿಟ್ಟ ಪ್ರೋಗ್ರಾಮಿನಲ್ಲಿ ಎಕ್ಸ್ ಇದ್ದಲ್ಲಿ ಯು, ವೈ ಇದ್ದಲ್ಲಿ ವಿ ಬರೆದೆ. ಪಾತ್ರೆಯನ್ನು ಪಕ್ಕದ ಒಲೆಗೆ ಸರಿಸಿದಷ್ಟೇ ಸುಲಭ! ಬಟನ್ ಒತ್ತಿದೆ.

ದೊಡ್ಡ ತಲೆಯೇ ಹೊರಟಿತು! ಅರ್ಧಚಂದ್ರ ದಾಟಿತು. ನಿಲ್ಲಲಿಲ್ಲ. ನಾನು ಬಾಯಿಗೆ ಕೈ ಇಟ್ಟು ನಿಂತಿದ್ದಂತೆ ಪೂರ್ತಿ ಸುತ್ತಿ, ಹೊರಟಲ್ಲಿಗೇ ಬಂದು ಸುಮ್ಮನಾಯಿತು. ಸ್ಟೂಲು ಎತ್ತಿದೆ. ದೋಸೆಯಂಥ ಬಿಲ್ಲೆ ಕೆಳಗೇ ಉಳಿಯಿತು. ತೂತಿನೊಳಗಿಂದ ನನ್ನ ಚಪ್ಪಲಿಯ ಹೂವು ಸ್ಪಷ್ಟವಾಗಿ ಕಂಡಿತು. ಕೊನೆಗೂ ಫೋನ್ ಮಾಡಿದೆ.

"ರಿಚ್ಚಿ, ಅರ್ಧ ಕೇಳಿದ್ರೆ ಪೂರ್ತಿ ಕೊಟ್ಟಿತು!"

"ಅಕ್ಷರ ಬದಲಿಸಿದ್ಯಾ? ತಿರುಗುವುದು ಯು-ವಿಯಲ್ಲಿ ಅಂತ ಮೊದಲೇ ಬೇರೆ ಹೇಳ್ಬೇಕು. ಇಲ್ಲದಿದ್ರೆ ಅದು ಎಕ್ಸ್-ವೈಯಲ್ಲೇ ತಿರುಗ್ತದೆ. ಅಲ್ಲಿ ಎಲ್ಲಿ ನಿಲ್ಬೇಕು ಅಂತ ಹೇಳುವ ಎಕ್ಸ್, ವೈಯನ್ನೇ ನೀನು ಅಳಿಸಿಬಿಟ್ಟಿ, ಅದು ಇಡೀ ಸುತ್ತು ಹೊಡೀತು! ಪಾತ್ರೆ ಆಚೆ ಒಲೆಗಿಟ್ಟು ಈಚೆ ಒಲೆ ಹಚ್ಚಿದ ಹಾಗೆ!"

"ಈಗ ಏನು ಮಾಡ್ಲಿ?"

"ಖಲಾಸ್."

ಬಿಲ್ಲೆಯನ್ನು ಗೋಂದು ಹಾಕಿ ಕೂರಿಸಿದೆ. ಕಟ್ಟರ್ ತಿಂದಷ್ಟು ಸಂದು, ಜಾರಿ ಬಿತ್ತು. ದಪ್ಪ ಗೋಂದು ಮೆತ್ತಿದೆ. ಬಿಲ್ಲೆ ಅಂಟಿತು, ನನ್ನ ಬೆರಳಿಗೆ!

ಸಂಜೆ ಲೇಸಿನ ಬಟ್ಟೆ ಮುಚ್ಚಿ ಸ್ಟೂಲು ಒಯ್ದೆ. ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಗ್ರೇಸಿಬಾಯಿ ಬಟ್ಟೆ ಸರಿಸಿ, ತೂತಿನೊಳಗೆ ಕೈ ಆಡಿಸಿ, ಸ್ಟೂಲನ್ನು ಟಬ್ಬಿನಲ್ಲಿಟ್ಟು ಮಗಳನ್ನು ಕೂರಿಸಿದರು. ಹೊಯ್ದ ಹಾಲೆಲ್ಲ ಸರಾಗವಾಗಿ ಕೆಳಗಿಳಿಯಿತು.

"ಒಳ್ಳೇದಾಯ್ತು ಲವೀನಾ. ನನ್ನ ರೋಸಿಗೆ ನಾನು ಆ ಹಾಲಲ್ಲೇ ಜಾರ್ತಾ ಕೂತಿದ್ದೆ," ಎಂದ ಗ್ರೇಸಿಬಾಯಿ, ಇನ್ನೊಂದು ಚೊಂಬು ಹಾಲು ಎತ್ತಿಕೊಳ್ಳುತ್ತಾ ಕೇಳಿದರು: "ಅಲ್ಲಾ, ಆ ಅರ್ಧಚಂದ್ರ ಎಲ್ಲಿ ಕೆತ್ತಿದ್ದಿ?"